ಮಣ್ಣಿನ ಲಕೋಟೆ

ಬ್ಯಾಬಿಲೋನ್ ಎಂದರೆ ಹಮ್ಮುರಾಬಿ, ಹಮ್ಮುರಾಬಿ ಎಂದರೆ ಕಣ್ಣಿಗೆ ಕಣ್ಣು. ಶಾಲೆಯಲ್ಲಿ ನಾನು ಕಲಿತದ್ದು ಇಷ್ಟೇ. ಕ್ರಿ.ಪೂ. 1792ರಿಂದ 1750ರವರೆಗೆ ಆಳಿದ ಆ ರಾಜನ ಕಾನೂನುಗಳನ್ನು ಕೆತ್ತಿದ ಕಪ್ಪು ಕಲ್ಲು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಆದರೆ ಸಾಮಾನ್ಯ ಜನರು ನ್ಯಾಯಾಧೀಶರ ಮುಂದೆ ಇಡುತ್ತಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಣ್ಣಿನ ಹಲಗೆಗಳನ್ನು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವನ್ನು ಮೊದಲು ನೋಡಿದಾಗ ನನಗೆ ಬಿಸ್ಕತ್ತಿನ ನೆನಪಾಯಿತು.

ಹಸಿ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿ ಒತ್ತಿ ಬರೆಯುತ್ತಿದ್ದರು. ಹೊಲ ಮಾರಾಟ, ಸಾಲ, ಮದುವೆ, ದತ್ತು, ಹೀಗೆ ಎಷ್ಟೋ ವಿಷಯಗಳಿಗೆ ಪತ್ರ, ಜೊತೆಗೆ ಸಾಕ್ಷಿಗಳ ಹೆಸರು. ಹಮ್ಮುರಾಬಿಯ 7ನೇ ಕಾನೂನಿನ ಪ್ರಕಾರ ಬೇರೊಬ್ಬರ ಮಗನಿಂದಲೋ ಗುಲಾಮನಿಂದಲೋ ಸಾಕ್ಷಿ, ಪತ್ರ ಇಲ್ಲದೆ ಬೆಳ್ಳಿ ಅಥವಾ ಎತ್ತು ಕೊಂಡವನು ಕಳ್ಳ, ಅವನಿಗೆ ಮರಣದಂಡನೆ! ಮೊಹರು ಇಲ್ಲದವರು ಉಗುರನ್ನೋ ಬಟ್ಟೆಯ ಅಂಚನ್ನೋ ಮಣ್ಣಿಗೆ ಒತ್ತುತ್ತಿದ್ದರು, ನಮ್ಮ ಅಜ್ಜಿಯ ಕಾಲದ ಹೆಬ್ಬೆಟ್ಟಿನ ಹಾಗೆ.

ನನಗೆ ತುಂಬ ಇಷ್ಟವಾದದ್ದು ಲಕೋಟೆ. ಬರೆದ ಪತ್ರದ ಸುತ್ತ ತೆಳುವಾಗಿ ಇನ್ನೊಂದು ಪದರ ಮಣ್ಣು ಹಚ್ಚಿ, ಅದರ ಮೇಲೂ ಅದೇ ಒಪ್ಪಂದವನ್ನು ಬರೆಯುತ್ತಿದ್ದರು. ಹೊರಗಿನ ಬರಹವನ್ನು ಯಾರೋ ತಿದ್ದಿದ್ದಾರೆ ಎಂಬ ಜಗಳ ಬಂದರೆ ಲಕೋಟೆ ಒಡೆದು ಒಳಗಿನದನ್ನು ಓದಬಹುದು.

ಸಾಲ ತೀರಿದಾಗ ಪತ್ರವನ್ನೇ ಒಡೆಯುವ ರೂಢಿ ಇತ್ತು. ಹಾಗಾದರೆ ಇಂದು ಇಡಿಯಾಗಿ ಉಳಿದಿರುವ ಸಾಲಪತ್ರಗಳಲ್ಲಿ ಕೆಲವಾದರೂ ತೀರದ ಸಾಲಗಳಿರಬೇಕು. ಹಾಗೆ ಯೋಚಿಸಿದ ಮೇಲೆ ನನಗೆ ಅವು ಬಿಸ್ಕತ್ತಿನಂತೆ ಕಾಣಲಿಲ್ಲ.

ಕೆಲವು ದತ್ತುಪತ್ರಗಳಲ್ಲಿ ಒಂದು ಷರತ್ತಿದೆ. ಮಗನು ತಂದೆಗೆ ನೀನು ನನ್ನ ತಂದೆಯಲ್ಲ ಎಂದರೆ ಅವನ ತಲೆ ಬೋಳಿಸಿ ಮಾರಿಬಿಡಬಹುದು. ತಂದೆಯೇ ನೀನು ಮಗನಲ್ಲ ಎಂದರೆ ಮನೆ, ಆಸ್ತಿ ಕಳೆದುಕೊಳ್ಳುತ್ತಾನೆ. ಇದನ್ನು ಹೇಳಿದಾಗ ಅಪ್ಪನಿಗೆ ಮೊದಲಿನ ಅರ್ಧ ಮಾತ್ರ ಹಿಡಿಸಿತು. ನಾನೂ ನಕ್ಕೆ. ಆದರೆ ಗುಲಾಮರ ಮಾರಾಟಪತ್ರಗಳ ಬಗ್ಗೆ ಓದಿದಾಗ ನಗು ಬರಲಿಲ್ಲ. ಅವುಗಳಲ್ಲಿ ಮಾರಿದವನ ಹೆಸರಿದೆ, ಕೊಂಡವನ ಹೆಸರಿದೆ, ಸಾಕ್ಷಿಗಳ ಹೆಸರಿದೆ. ಗುಲಾಮನ ಹೆಸರೂ ಇದೆ, ಬೆಲೆಯ ಜೊತೆಗೆ.

ಇನ್ನೊಂದು ವಿಚಿತ್ರ. ಆಗ ಜನರ ಆಡುಮಾತು ಅಕ್ಕಾಡಿಯನ್. ಸುಮೇರಿಯನ್ ಭಾಷೆ ಮನೆಗಳಿಂದ ಆಗಲೇ ಮರೆಯಾಗಿತ್ತು. ಆದರೂ ಕಾನೂನು ಪತ್ರಗಳ ಎಷ್ಟೋ ವಾಕ್ಯಗಳು ಸುಮೇರಿಯನ್‌ನಲ್ಲೇ ಇರುತ್ತಿದ್ದವು. ಅದಕ್ಕಾಗಿ ನಿಪ್ಪೂರಿನ ಹುಡುಗರು ಮಾದರಿ ಒಪ್ಪಂದಗಳನ್ನು ನಕಲು ಮಾಡಿ ಕಲಿಯುತ್ತಿದ್ದರು. ಆ ಹಲಗೆಗಳಲ್ಲಿ ಸಾಕ್ಷಿಗಳ ಹೆಸರಾಗಲಿ ದಿನಾಂಕವಾಗಲಿ ಇರುವುದಿಲ್ಲ, ಅದರಿಂದಲೇ ಅವು ಪಾಠದ ಹಲಗೆಗಳೆಂದು ವಿದ್ವಾಂಸರು ಗುರುತಿಸುತ್ತಾರೆ. ನಮ್ಮ ಶನಿವಾರದ ತರಗತಿಯಲ್ಲಿ ನಾನೂ ಇಲ್ಲದ ತಹಶೀಲ್ದಾರರಿಗೆ ಮೂರು ಅರ್ಜಿ ಬರೆದಿದ್ದೇನೆ. ದಿನಾಂಕ ಹಾಕಲು ಮರೆತಿದ್ದಕ್ಕೆ ಒಂದರಲ್ಲಿ ಅಂಕ ಕಳೆದರು.