ರುದ್ರಾಕ್ಷಿಯ ಮುಖಭೇದಗಳು: ಸದ್ಭಕ್ತರ ತಿಳಿವಳಿಕೆಗಾಗಿ

ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣಗಳು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಸದ್ಭಕ್ತರು ಮಕ್ಕಳ ಲಿಂಗದೀಕ್ಷೆಗೆ ಮುನ್ನ, ಎಷ್ಟು ಮುಖದ ರುದ್ರಾಕ್ಷಿ ಶ್ರೇಷ್ಠವೆಂದು ನಮ್ಮನ್ನು ಕೇಳುವುದುಂಟು. ಏಕಮುಖಿಗಾಗಿ ಸಾಲ ಮಾಡಲು ಹೊರಟವರನ್ನೂ ನಾವು ಕಂಡಿದ್ದೇವೆ. ಆದ್ದರಿಂದ ಈ ವಿವರಣೆ.

ರುದ್ರಾಕ್ಷಿಯು ನೇಪಾಳ, ಇಂಡೋನೇಷ್ಯಾ ಮೊದಲಾದೆಡೆ ಬೆಳೆಯುವ ಮರದ ನೀಲಿ ಹಣ್ಣಿನೊಳಗಿನ ಓಟೆ. ಅದರ ಮೇಲೆ ತುದಿಯಿಂದ ತುದಿಗೆ ಇಳಿದಿರುವ ಗೆರೆಗಳಿಂದ ಮುಖಗಳನ್ನು ಎಣಿಸುತ್ತಾರೆ.

ರುದ್ರಾಕ್ಷಜಾಬಾಲೋಪನಿಷತ್ತು ಒಂದರಿಂದ ಹದಿನಾಲ್ಕು ಮುಖಗಳವರೆಗೆ ವಿವರಿಸುತ್ತದೆ. ಅದರಂತೆ ಏಕಮುಖಿ ಪರತತ್ತ್ವ ಸ್ವರೂಪ, ದ್ವಿಮುಖಿ ಅರ್ಧನಾರೀಶ್ವರ, ತ್ರಿಮುಖಿ ಮೂರು ಅಗ್ನಿಗಳು, ಚತುರ್ಮುಖಿ ಬ್ರಹ್ಮ, ಪಂಚಮುಖಿ ಪಂಚಬ್ರಹ್ಮ, ಷಣ್ಮುಖಿ ಕಾರ್ತಿಕೇಯ, ಏಕಾದಶಮುಖಿ ಏಕಾದಶ ರುದ್ರರು. ನೆಲ್ಲಿಕಾಯಿ ಗಾತ್ರದ್ದು ಉತ್ತಮ, ಬೋರೆಹಣ್ಣಿನಷ್ಟಿರುವುದು ಮಧ್ಯಮ, ಕಡಲೆಕಾಳಿನಷ್ಟಿರುವುದು ಅಧಮವೆಂದೂ, ಹುಳು ತಿಂದುದು, ಒಡೆದುದು ತ್ಯಾಜ್ಯವೆಂದೂ ಅದು ಹೇಳುತ್ತದೆ. ಎರಡು ಓಟೆಗಳು ಸಹಜವಾಗಿ ಕೂಡಿ ಬೆಳೆದುದನ್ನು ಗೌರೀಶಂಕರ ರುದ್ರಾಕ್ಷಿ ಎನ್ನುತ್ತಾರೆ.

ಇವುಗಳಲ್ಲಿ ಹೇರಳವಾಗಿ ದೊರೆಯುವುದು ಪಂಚಮುಖಿ. ದುಂಡನೆಯ ಏಕಮುಖಿ ಅತಿ ವಿರಳ. ಈ ವಿರಳತೆಯೇ ಮೋಸಕ್ಕೆ ದಾರಿ. ಪಂಚಮುಖಿಯ ಗೆರೆಗಳನ್ನು ಅಳಿಸಿ ಏಕಮುಖಿಯೆಂದೂ, ಹೊಸ ಗೆರೆ ಕೊರೆದು ಹೆಚ್ಚು ಮುಖದ್ದೆಂದೂ, ಎರಡನ್ನು ಅಂಟಿಸಿ ಗೌರೀಶಂಕರವೆಂದೂ ಮಾರುವವರಿದ್ದಾರೆ. ನೀರಿನಲ್ಲಿ ಮುಳುಗಿದರೆ ಅಸಲಿ ಎಂಬ ಮಾತನ್ನು ನಂಬಬಾರದು. ಚೆನ್ನಾಗಿ ಒಣಗಿದ ಅಸಲಿ ರುದ್ರಾಕ್ಷಿಯೂ ತೇಲಬಹುದು. ಒಳಗೆ ಸೀಸ ತುಂಬಿದ ನಕಲಿಯೂ ಮುಳುಗುತ್ತದೆ. ಸಾಮಾನ್ಯವಾಗಿ ಎಷ್ಟು ಮುಖಗಳೋ ಒಳಗೆ ಅಷ್ಟೇ ಬೀಜದ ಕೋಣೆಗಳಿರುತ್ತವೆ. ಕ್ಷಕಿರಣದಿಂದ ಅವನ್ನು ನೋಡಿ ತಿಳಿಯಬಹುದು.

ಬಾದಾಮಿಯ ಸಮೀಪ, ಮಲಪ್ರಭೆಯ ದಡದಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವಿದೆ. ಅಲ್ಲಿ ಸಿದ್ಧವಾಗುವ ವಿಭೂತಿಯನ್ನು ಬಡವರೂ ಸಿರಿವಂತರೂ ಒಂದೇ ರೀತಿಯಲ್ಲಿ ಧರಿಸುತ್ತಾರೆ. ವಿಭೂತಿಯಲ್ಲಿಲ್ಲದ ಹೆಚ್ಚು ಕಡಿಮೆ ರುದ್ರಾಕ್ಷಿಯಲ್ಲೇಕೆ? ಎರಡೂ ಅಷ್ಟಾವರಣಗಳೇ. ಇಷ್ಟಲಿಂಗ ಧರಿಸಿದ ಕೊರಳಿಗೆ ಒಂದು ಸಾಮಾನ್ಯ ಪಂಚಮುಖಿಯೂ ಪೂರ್ಣವೇ. ಸಾಲ ಮಾಡಿ ಕೊಂಡ ಏಕಮುಖಿಗಿಂತ, ದುಡಿದು ಗಳಿಸಿದ ಹಣದಲ್ಲಿ ಕೊಂಡು ನಿತ್ಯ ಶ್ರದ್ಧೆಯಿಂದ ಧರಿಸುವ ಪಂಚಮುಖಿಯೇ ಕಾಯಕ ತತ್ತ್ವಕ್ಕೆ ಒಪ್ಪುವಂಥದು ಎಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.