ಗ್ರಾಮಾರೋಗ್ಯ ಸೇವೆಯಲ್ಲಿ ಒಮ್ಮನದ ಕಾಯಕ

ಕಪಿಲಾ ತೀರದ ಹುಲ್ಲಹಳ್ಳಿಯು ತನ್ನ ಪುರಾತನವಾದ ಅಣೆಕಟ್ಟಿನಿಂದ ಪ್ರಸಿದ್ಧವಾದುದು. ಕಾಲುವೆಯ ನೀರು ಹರಿದಲ್ಲಿ ಬತ್ತವು ಬೆಳೆಯುವುದು. ನೀರು ನಿಂತಲ್ಲಿ ಸೊಳ್ಳೆಯೂ ಬೆಳೆಯುವುದು. ಇಂತಹ ಸೀಮೆಗಳಲ್ಲಿ ವೈದ್ಯನ ಕ್ವಿನೈನಿನಿಂದ ಚಳಿಜ್ವರವು ಇಳಿದರೂ, ಸೊಳ್ಳೆ ಹುಟ್ಟುವ ನೀರನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಆ ಚಿಕಿತ್ಸೆಯು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಇದನ್ನರಿತು ಮೈಸೂರು ಸಂಸ್ಥಾನದವರು ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, 1929ರಲ್ಲಿ, ಆರೋಗ್ಯ ಇಲಾಖೆಯನ್ನು ಸ್ಥಾಪಿಸಿದರು. ಅಮೆರಿಕಾದ ರಾಕ್‌ಫೆಲ್ಲರ್ ಸಂಸ್ಥೆಯ ನೆರವಿನಿಂದ ಮಂಡ್ಯದಲ್ಲಿಯೂ, ಅನಂತರ ಕ್ಲೋಸ್‌ಪೇಟೆಯಲ್ಲಿಯೂ (ಈಗಿನ ರಾಮನಗರ) ಗ್ರಾಮಾರೋಗ್ಯ ಘಟಕಗಳು ಏರ್ಪಟ್ಟವು. 1946ರ ಭೋರ್ ಸಮಿತಿಯು ಚಿಕಿತ್ಸೆಯೂ ರೋಗನಿವಾರಣೆಯೂ ಬೇರ್ಪಡಬಾರದೆಂದೇ ವಿಧಿಸಿತು.

ಆದರೂ ಸ್ವಾತಂತ್ರ್ಯಾನಂತರ ನಡೆದುದು ಬೇರೆ. ಮಲೇರಿಯಾಕ್ಕೆ ಒಬ್ಬನು, ಸಿಡುಬಿನ ದಾಕು ಹಾಕುವುದಕ್ಕೆ ಮತ್ತೊಬ್ಬನು, ಕುಟುಂಬ ಯೋಜನೆಗೆ ಮಗುದೊಬ್ಬನು. ಒಂದೇ ಹೊಸ್ತಿಲಿಗೆ ಬಂದವರಾದರೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು! 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಈ ಭೇದವನ್ನಳಿಸಿ, 3,000ದಿಂದ 3,500 ಜನರಿಗೆ ಓರ್ವ ಪುರುಷ, ಓರ್ವ ಸ್ತ್ರೀ ವಿವಿಧೋದ್ದೇಶ ಕಾರ್ಯಕರ್ತರಿರಬೇಕೆಂದು ಸೂಚಿಸಿತು. ಕಾಗದದ ಮೇಲೆ ಹುದ್ದೆಗಳನ್ನು ಕೂಡಿಸುವುದು ಸುಲಭ. ಬಹುಕಾಲ ಒಂದೇ ಕೆಲಸವನ್ನು ಮಾಡಿದವನು ಇನ್ನೊಬ್ಬನ ವಿದ್ಯೆಯನ್ನು ಕಲಿಯಬೇಕಾದಾಗ ಅಭಿಮಾನವು ಅಡ್ಡಬರುವುದು ಸಹಜವೇ.

ಈ ಸಹಕಾರದ ನಿಜವಾದ ಪರೀಕ್ಷೆಯು ನೆರೆಯ ತಿರುಮಕೂಡಲು ನರಸೀಪುರದಲ್ಲಿ ನಡೆಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊಟ್ಟಮೊದಲು ಅಲ್ಲಿಯೇ, 100 ಅಂಗನವಾಡಿಗಳೊಡನೆ ಆರಂಭವಾಯಿತು. ಅದರ ಆರು ಸೇವೆಗಳಲ್ಲಿ ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಆರೋಗ್ಯಬೋಧೆಗಳು ಅಂಗನವಾಡಿಯವು. ಲಸಿಕೆ, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವಿಕೆಗಳು ಆರೋಗ್ಯ ಇಲಾಖೆಯ ಸಿಬ್ಬಂದಿಯನ್ನವಲಂಬಿಸಿದವು. ಅಂಗನವಾಡಿಯ ತಾಯಿಯು ಊರಿನವಳೇ. ಯಾವ ಮಗು ಸೊರಗಿದೆ, ಯಾವ ಸೊಸೆ ಗರ್ಭಿಣಿ ಎಂಬುದು ಅವಳಿಗೆ ಮೊದಲು ತಿಳಿಯುವುದು. ಆದರೆ ಸೂಜಿಮದ್ದು ದಾದಿಯ ಕೈಯಲ್ಲಿ. ಒಬ್ಬಳು ತೂಗಿ ಬರೆದಿಟ್ಟ ಅಂಕಿಯನ್ನು ಇನ್ನೊಬ್ಬಳು ನೋಡದೆ ಹೋದರೆ ತಕ್ಕಡಿಯಿಂದ ಮಗುವಿಗೇನು ಫಲ? ಗೌರವಧನ ಮಾತ್ರ ಪಡೆಯುವ ಕಾರ್ಯಕರ್ತೆಯ ಮಾತಿಗೆ ಸಂಬಳದವರು ಬೆಲೆಕೊಡಬೇಕಾದುದೇ ಇಲ್ಲಿನ ಕಠಿಣವಾದ ಅಂಶವು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣಮಾರ್ಗದಲ್ಲಿ ಕೇಳಿದವರಿಗೂ ಇದು ಆಚರಣೆಯಲ್ಲಿ ಸುಲಭವಲ್ಲ.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನರಿಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ಮೂರನೆಯವಳನ್ನಾಗಿ ಸೇರಿಸಿತು. ಅಂದಿನಿಂದ ಗ್ರಾಮಾರೋಗ್ಯ ದಿನದಂದು ಅಂಗನವಾಡಿಯ ಜಗಲಿಯಲ್ಲಿ ಆಶಾಳು ಬಾಣಂತಿಯರನ್ನು ಕರೆತರುವುದೂ, ದಾದಿಯು ಲಸಿಕೆ ಹಾಕುವುದೂ, ಅಂಗನವಾಡಿಯವಳು ಮಕ್ಕಳನ್ನು ತೂಗುವುದೂ ರೂಢಿಗೆ ಬಂದಿತು.