ಹೊಲದಲ್ಲಿ ದಿನವಿಡೀ ದುಡಿದರೂ ಕೆಳಹೊಟ್ಟೆ ಯಾಕೆ ಕರಗುವುದಿಲ್ಲ?

"ರಾತ್ರಿ ಜೀರಿಗೆ ನೆನೆಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ. 15 ದಿನದಲ್ಲಿ ಕೆಳಹೊಟ್ಟೆಯ ಬೊಜ್ಜು ಮಾಯ!" ಇಂಥ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರ ಜೊತೆಗೇ ಬರುವ ಇನ್ನೊಂದು ಮಾತು, "ಮೈ ಬಗ್ಗಿಸಿ ಕೆಲಸ ಮಾಡಿದರೆ ಹೊಟ್ಟೆ ಯಾಕೆ ಬರುತ್ತೆ?" ಎನ್ನುವುದು.

ಈ ಮಾತನ್ನು ಹುಣಸೂರು, ಪಿರಿಯಾಪಟ್ಟಣದ ಹೆಣ್ಣುಮಕ್ಕಳಿಗೆ ಹೇಳಿ ನೋಡಿ. ಹೊಗೆಸೊಪ್ಪಿನ ಕಾಲದಲ್ಲಿ ಬೆಳಕು ಹರಿಯುವ ಮುಂಚೆಯೇ ಸೊಪ್ಪು ಮುರಿಯಲು ಹೋಗಿ, ಮಧ್ಯಾಹ್ನ ಕಡ್ಡಿಗೆ ಕಟ್ಟಿ, ಬ್ಯಾರನ್ ತುಂಬಿಸಿ, ಆಮೇಲೆ ಮನೆಗೆ ಬಂದು ಅಡುಗೆ ಮಾಡುವವರು ಅವರು. ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿ ಹಾಕುವವರು, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವವರು ಕೂಡ ಕೂತು ತಿನ್ನುವವರಲ್ಲ. ಕೈಕಾಲು ಸಣ್ಣಗೇ ಇರುತ್ತವೆ, ಸೀರೆಯ ನೆರಿಗೆಯ ಕೆಳಗಿನ ಹೊಟ್ಟೆ ಮಾತ್ರ ಹಾಗೇ ಇರುತ್ತದೆ. ಹಾಗಾದರೆ ತಪ್ಪು ಎಲ್ಲಿದೆ?

ಒಂದೇ ಮಾತಿನಲ್ಲಿ ಉತ್ತರ: ಕೆಳಹೊಟ್ಟೆ ಸೋಮಾರಿತನದ ಗುರುತಲ್ಲ. ಯಾವ ಪಾನೀಯವೂ, ಯಾವ ವ್ಯಾಯಾಮವೂ ಆ ಒಂದು ಜಾಗದ ಕೊಬ್ಬನ್ನಷ್ಟೇ ಆರಿಸಿ ಕರಗಿಸಲಾರದು. ಆದರೆ ಸೊಂಟದ ಅಳತೆಯ ಮೇಲೆ ಕಣ್ಣಿಡುವುದು ಮುಖ್ಯ. ಹೊಟ್ಟೆ ಇದ್ದಕ್ಕಿದ್ದಂತೆ ಬೆಳೆದರೆ ಅದನ್ನು ಬೊಜ್ಜು ಎಂದು ತಳ್ಳಿಹಾಕಬಾರದು.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆ ಕರಗುತ್ತದೆಯೇ?

ಇಲ್ಲ. ದೇಹಕ್ಕೆ ಶಕ್ತಿ ಬೇಕಾದಾಗ ಕೊಬ್ಬಿನ ಕೋಶಗಳು ತಮ್ಮಲ್ಲಿರುವುದನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಹರಿದು ಬಂದ ಅದನ್ನು ಸ್ನಾಯುಗಳು ಉರಿಸುತ್ತವೆ. ಕೆಲಸ ಮಾಡುತ್ತಿರುವ ಸ್ನಾಯು "ನನ್ನ ಪಕ್ಕದ ಕೊಬ್ಬನ್ನೇ ಕೊಡು" ಎಂದು ಕೇಳುವುದಿಲ್ಲ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಟೆನಿಸ್ ಆಟಗಾರರು ವರ್ಷಗಟ್ಟಲೆ ಒಂದೇ ಕೈಯಲ್ಲಿ ಆಡುತ್ತಾರೆ. 1971ರಲ್ಲಿ ಅಮೆರಿಕದ ಸಂಶೋಧಕರು ಅವರ ಎರಡೂ ಕೈಗಳ ಚರ್ಮದಡಿಯ ಕೊಬ್ಬನ್ನು ಅಳೆದರು. ಆಡುವ ಕೈಯ ಸ್ನಾಯು ದಪ್ಪವಾಗಿತ್ತು, ಕೊಬ್ಬು ಮಾತ್ರ ಎರಡೂ ಕೈಯಲ್ಲಿ ಒಂದೇ ಸಮ ಇತ್ತು. 1984ರ ಇನ್ನೊಂದು ಅಧ್ಯಯನದಲ್ಲಿ 13 ಗಂಡಸರು 27 ದಿನಗಳಲ್ಲಿ ತಲಾ 5,004 ಸಿಟ್‌ಅಪ್ ಹೊಡೆದರು. ಅವರ ಹೊಟ್ಟೆಯ ಕೊಬ್ಬಿನ ಕೋಶಗಳು ಬೆನ್ನು ಮತ್ತು ಪಿರ್ರೆಯ ಕೋಶಗಳಿಗಿಂತ ಹೆಚ್ಚೇನೂ ಕುಗ್ಗಲಿಲ್ಲ.

ಜೀರಿಗೆ ನೀರು, ನಿಂಬೆರಸ, ಶುಂಠಿ ಕಷಾಯ, ಇವುಗಳಿಗೂ ಇದೇ ಉತ್ತರ. ಹೊಟ್ಟೆಗೆ ಹೋದ ನೀರು ಜೀರ್ಣಾಂಗಕ್ಕೆ ಹೋಗುತ್ತದೆಯೇ ಹೊರತು ಚರ್ಮದಡಿಯ ಕೊಬ್ಬಿನ ಹತ್ತಿರ ಹೋಗಿ ಅದನ್ನು ಕರಗಿಸುವುದಿಲ್ಲ. ಜೀರಿಗೆ ನೀರಿನಿಂದ ಹಾನಿಯೇನಿಲ್ಲ. ಸಕ್ಕರೆ ಹಾಕಿದ ಟೀ ಬಿಟ್ಟು ಅದನ್ನು ಕುಡಿದರೆ ಲಾಭವೂ ಇದೆ, ಆದರೆ ಆ ಲಾಭ ಬರುವುದು ಸಕ್ಕರೆ ಬಿಟ್ಟದ್ದರಿಂದ. ಇನ್ನು "ಬಿಸಿನೀರಿಗೆ ಜೇನು" ಎಂದು ದೊಡ್ಡ ಚಮಚ ತುಂಬಾ ಜೇನು ಹಾಕಿದರೆ ಸುಮಾರು 60 ಕ್ಯಾಲೊರಿ ಸೇರಿತು ಎಂದೇ ಲೆಕ್ಕ.

ಇಷ್ಟು ದುಡಿದರೂ ಯಾಕೆ ಉಳಿಯುತ್ತದೆ?

ಮೊದಲನೆಯದು, ದೇಹ ಲೆಕ್ಕದಲ್ಲಿ ಬಲು ಜಾಣ. ಆಫ್ರಿಕಾದ ಟಾಂಜಾನಿಯಾದಲ್ಲಿ ಹಾಡ್ಜಾ ಎಂಬ ಬುಡಕಟ್ಟಿನ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಾರೆ. ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ ಅವರ ಒಟ್ಟು ಖರ್ಚು ಅಮೆರಿಕ, ಯುರೋಪಿನ ಜನರಿಗಿಂತ ಹೆಚ್ಚೇನೂ ಇರಲಿಲ್ಲ. ಹೆಚ್ಚು ದುಡಿದಾಗ ದೇಹ ಬೇರೆ ಕಡೆ ಮಿತವ್ಯಯ ಮಾಡಿ ಸರಿದೂಗಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ಹಾಡ್ಜಾ ಜನ ತೆಳ್ಳಗಿದ್ದಾರೆ ನಿಜ, ಆದರೆ ಅವರ ಊಟವೂ ಬೇರೆ. ದುಡಿಮೆ ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಹೊಟ್ಟೆಯ ಅಳತೆಯನ್ನು ಅದೊಂದೇ ತೀರ್ಮಾನ ಮಾಡುವುದಿಲ್ಲ.

ಎರಡನೆಯದು, ಹೆಣ್ಣಿನ ದೇಹ ಕೊಬ್ಬನ್ನು ಕೂಡಿಡುವ ರೀತಿ. ಈಸ್ಟ್ರೊಜೆನ್ ಹಾರ್ಮೋನ್ ಕೊಬ್ಬನ್ನು ಸೊಂಟ, ತೊಡೆಯ ಕಡೆ, ಚರ್ಮದ ಅಡಿಯಲ್ಲಿ ಇಡುತ್ತದೆ. ಬಸಿರು, ಬಾಣಂತನದ ಕಾಲಕ್ಕೆಂದು ಇಟ್ಟ ಗಂಟು ಅದು, ಸುಲಭಕ್ಕೆ ಬಿಚ್ಚುವುದಿಲ್ಲ. ಕೈಯಲ್ಲಿ ಹಿಡಿದರೆ ಸಿಗುವ ಕೆಳಹೊಟ್ಟೆಯ ಪದರವೂ ಇಂಥ ಚರ್ಮದಡಿಯ ಕೊಬ್ಬೇ. ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ: ಕರುಳು, ಲಿವರ್ ಸುತ್ತ ಒಳಗೆ ಕೂರುವ ಕೊಬ್ಬು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ಹೆಚ್ಚು ನಂಟಿರುವುದು ಇದಕ್ಕೆ. ಸಮಾಧಾನದ ಸಂಗತಿ ಎಂದರೆ, ನಡಿಗೆ ಮತ್ತು ಹಿತಮಿತದ ಊಟಕ್ಕೆ ಬೇಗ ಜಗ್ಗುವುದೂ ಈ ಒಳಗಿನ ಕೊಬ್ಬೇ. ಕನ್ನಡಿಯಲ್ಲಿ ಬದಲಾವಣೆ ಕಾಣದಿದ್ದರೂ ಒಳಗೆ ಒಳ್ಳೆಯದು ಆಗುತ್ತಿರಬಹುದು.

ಮೈಸೂರಿನ ಹಳೆಯ ದಾಖಲೆಗಳು ಹೇಳುವ ಕತೆ

ಕೈಕಾಲು ಸಣ್ಣ, ಹೊಟ್ಟೆ ದಪ್ಪ. ಈ ಮೈಕಟ್ಟಿನ ಬಗ್ಗೆ ಜಗತ್ತಿಗೆ ತಿಳಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ ಎಂದಿರುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟಿದಾಗ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.2 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ತೂಕವಿದ್ದವರಲ್ಲಿ ಶೇ. 3 ಮಂದಿಗೆ ಮಾತ್ರ.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರಿಂದ ಶುರುವಾದ ಇನ್ನೊಂದು ಅಧ್ಯಯನ ಅವರ ಮಕ್ಕಳ ಬೆಳವಣಿಗೆಯನ್ನು ಹಿಂಬಾಲಿಸಿತು. ಇಂಗ್ಲೆಂಡಿನ ಕೂಸುಗಳ ಮುಂದೆ ಮೈಸೂರಿನ ಕೂಸುಗಳು ಎಲ್ಲ ಅಳತೆಯಲ್ಲೂ ಚಿಕ್ಕವು, ತೋಳು ಸಣ್ಣ. ಆದರೆ ಭುಜದೆಲುಬಿನ ಕೆಳಗಿನ ಕೊಬ್ಬಿನ ಪದರ ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನಾಲ್ಕು ವರ್ಷಕ್ಕೆ ಬಂದಾಗಲೂ ಅದೇ ಕಂಡಿತು. ಅಂದರೆ ಸ್ನಾಯು ಕಡಿಮೆ, ಮುಂಡದ ಭಾಗದಲ್ಲಿ ಕೊಬ್ಬು ಹೆಚ್ಚು ಎನ್ನುವ ಈ ಮೈಕಟ್ಟು ಹುಟ್ಟುವಾಗಲೇ ಜೊತೆಗೆ ಬಂದಿರುತ್ತದೆ. ಇದು ಹಣೆಬರಹವಲ್ಲ, ಆದರೆ "ನಿನ್ನ ಹೊಟ್ಟೆಗೆ ನೀನೇ ಕಾರಣ" ಎಂದು ಅತ್ತಿಗೆಯನ್ನೋ ಸೊಸೆಯನ್ನೋ ಆಡಿಕೊಳ್ಳುವ ಮುಂಚೆ ನೆನಪಿಡಬೇಕಾದ ಸಂಗತಿ.

ಹೆರಿಗೆ, ಆಪರೇಷನ್, ಮುಟ್ಟು ನಿಲ್ಲುವುದು

*"ಮಕ್ಕಳಾಗದ ಆಪರೇಷನ್ ಮಾಡಿಸಿದ್ದಕ್ಕೆ ಹೊಟ್ಟೆ ಬಂತು."* ಸುಳ್ಳು. ಈ ಆಪರೇಷನ್‌ನಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಅಂಡಾಶಯ ಹಾಗೇ ಇರುತ್ತದೆ, ಹಾರ್ಮೋನ್ ಎಂದಿನಂತೆ ಬರುತ್ತದೆ. ಎರಡನೇ ಹೆರಿಗೆಯ ಬೆನ್ನಿಗೇ ಆಪರೇಷನ್ ಆಗುವುದರಿಂದ, ಬಸಿರಿನಿಂದ ಬಂದ ಹೊಟ್ಟೆಯ ಅಪವಾದ ಆಪರೇಷನ್ ತಲೆಗೆ ಬೀಳುತ್ತದೆ.

*"ಬಾಣಂತಿಗೆ ಬಿಗಿಯಾಗಿ ಹೊಟ್ಟೆ ಕಟ್ಟಿದರೆ ಬೊಜ್ಜು ಬರಲ್ಲ."* ಬಟ್ಟೆ ಕಟ್ಟುವುದರಿಂದ ನಡುವಿಗೆ ಆಧಾರ ಸಿಕ್ಕಿ ಹಿತ ಎನಿಸಬಹುದು, ಕೊಬ್ಬು ಕರಗುವುದಿಲ್ಲ. ಮಾರಾಟಕ್ಕಿರುವ ಬೆಲ್ಟ್‌ಗಳಿಗೂ ಇದೇ ಮಾತು. ಬೆವರು ಬರುತ್ತದೆ, ನೀರು ಕುಡಿದರೆ ತೂಕ ವಾಪಸ್ ಬರುತ್ತದೆ.

*ಕೊಬ್ಬೇ ಅಲ್ಲದಿರಬಹುದು.* ಬಸಿರಿನಲ್ಲಿ ಹೊಟ್ಟೆಯ ನಡುವಿನ ಎರಡು ಸ್ನಾಯುಪಟ್ಟಿಗಳು ದೂರ ಸರಿಯುತ್ತವೆ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಹತ್ತಿರ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ಅಂಗಾತ ಮಲಗಿ, ಮಂಡಿ ಮಡಿಸಿ, ತಲೆಯನ್ನು ಸ್ವಲ್ಪ ಎತ್ತಿ, ಹೊಕ್ಕುಳ ಹತ್ತಿರ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಅಗಲದ ಸಂದು ಇದ್ದರೆ ಡಾಕ್ಟರ್ ಅಥವಾ ಫಿಸಿಯೊಥೆರಪಿಸ್ಟ್‌ಗೆ ತೋರಿಸಿ. ಇಂಥವರು ಫಾರ್ವರ್ಡ್ ನೋಡಿ ನೇರ ಸಿಟ್‌ಅಪ್ ಶುರು ಮಾಡಬಾರದು. ಸಿಸೇರಿಯನ್ ಆದವರಲ್ಲಿ ಗಾಯದ ಗೆರೆ ಒಳಗೆ ಅಂಟಿಕೊಂಡು ಮೇಲಿನ ಮಡಿಕೆ ಎದ್ದು ಕಾಣಬಹುದು.

*ಮುಟ್ಟು ನಿಲ್ಲುವ ವಯಸ್ಸು.* ಈಸ್ಟ್ರೊಜೆನ್ ಕಡಿಮೆಯಾದಂತೆ ತೊಡೆಯ ಕಡೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ತಿರುಗುತ್ತದೆ. ಊಟ, ಕೆಲಸ ಬದಲಾಗದಿದ್ದರೂ ಹೀಗಾಗುತ್ತದೆ.

ಕನ್ನಡಿ ಬಿಡಿ, ದಾರ ಹಿಡಿಯಿರಿ

ಒಂದು ದಾರ ತೆಗೆದುಕೊಂಡು ನಿಮ್ಮ ಎತ್ತರದಷ್ಟು ಕತ್ತರಿಸಿ. ಅದನ್ನು ಎರಡಾಗಿ ಮಡಿಸಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮಧ್ಯದಲ್ಲಿ, ಉಸಿರು ಬಿಟ್ಟು, ಸುತ್ತ ಹಿಡಿಯಿರಿ. ತುದಿಗಳು ಕೂಡಿದರೆ ಚಿಂತೆ ಕಡಿಮೆ. ಕೂಡದಿದ್ದರೆ ಗಮನ ಕೊಡಬೇಕು. ಟೇಪ್ ಇದ್ದರೆ ಭಾರತದ ಹೆಂಗಸರಿಗೆ ಮಿತಿ 80 ಸೆಂ.ಮೀ., ಅಂದರೆ ಸುಮಾರು 31.5 ಇಂಚು.

80 ದಾಟಿದರೆ ಗಾಬರಿ ಬೇಡ, ನೀವೊಬ್ಬರೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನದಲ್ಲಿ ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು. ಆದರೆ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಸೊಂಟದ ಅಳತೆಗೂ ಅಂಕವಿದೆ. ಅವರು ಬಂದಾಗ "ಹೊಲಕ್ಕೆ ಹೊತ್ತಾಯಿತು" ಎಂದು ತಪ್ಪಿಸಿಕೊಳ್ಳಬೇಡಿ.

ಹಾಗಾದರೆ ಏನು ಮಾಡಬಹುದು?

- ಟೀ ಸಕ್ಕರೆ ಎಣಿಸಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಮೊದಲು ಅರ್ಧ ಮಾಡಿ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚು ಕಡಿಮೆ ಅದೇ.
- ಊಟ ಬಿಡಬೇಡಿ, ಕಾಳು ಹೆಚ್ಚಿಸಿ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ. ತೂಗುವವರಿಗೆ ಸುಮಾರು 41 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಕಡಲೆಕಾಯಿಯಲ್ಲಿ 7 ಗ್ರಾಂ ಸಿಗುತ್ತದೆ. ಬಸ್ಸಾರು ಮಾಡಿದಾಗ ಕಟ್ಟಿನ ಸಾರಿಗೆ ಮುದ್ದೆ ಉಂಡು, ಹುರುಳಿ–ಅವರೆಯ ಪಲ್ಯವನ್ನು ಗಂಡಸರಿಗೆ, ಮಕ್ಕಳಿಗೆ ಬಡಿಸಿಬಿಡುವವರೇ ಹೆಚ್ಚು. ಪ್ರೋಟೀನ್ ಹೆಚ್ಚಿರುವುದು ಆ ಪಲ್ಯದಲ್ಲೇ, ನಿಮ್ಮ ತಟ್ಟೆಗೂ ಹಾಕಿಕೊಳ್ಳಿ.
- ಸ್ನಾಯು ಬೆಳೆಸಿ. ವಾರಕ್ಕೆ ಎರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ತಳ್ಳುವುದು ಸಾಕು. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.
- ನಿದ್ದೆ ಕದಿಯಬೇಡಿ. ನಿದ್ದೆಗೆಟ್ಟ ಮರುದಿನ ಹಸಿವು, ಸಿಹಿಯ ಆಸೆ ಹೆಚ್ಚುತ್ತದೆ. ಬ್ಯಾರನ್ ಉರಿ ಕಾಯುವ ರಾತ್ರಿಗಳಲ್ಲಿ ಮನೆಯವರು ಸರದಿ ಹಾಕಿಕೊಳ್ಳಿ.
- ಅವಸರ ಬೇಡ. ತಿಂಗಳಿಗೆ ಒಂದೆರಡು ಕೆ.ಜಿ. ಇಳಿದರೆ ಸಾಕಷ್ಟಾಯಿತು. ಕೆಳಹೊಟ್ಟೆ ಕೊನೆಗೆ ಇಳಿಯುವ ಜಾಗ. ತೂಕ ಸರಿಯಿದ್ದು, ದಾರವೂ ಕೂಡಿದರೆ, ಉಳಿದ ಸಣ್ಣ ಹೊಟ್ಟೆ ಕಾಯಿಲೆಯಲ್ಲ.

ಉಪವಾಸ, ಭೇದಿಯ ಪುಡಿ, ಹೆಸರಿಲ್ಲದ "ಆಯುರ್ವೇದ" ಡಬ್ಬಿಗಳಿಂದ ದೂರ ಇರಿ. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅಂಥವರು ಊಟ ಬಿಟ್ಟರೆ ಮೊದಲು ಹೋಗುವುದು ಕಸುವು.

ಇದು ಬೊಜ್ಜಲ್ಲ ಎಂದು ಅನುಮಾನಿಸಬೇಕಾದ್ದು ಯಾವಾಗ?

ಕೆಲವೇ ವಾರ, ತಿಂಗಳಲ್ಲಿ ಹೊಟ್ಟೆ ಮಾತ್ರ ಬೆಳೆದು ಕೈಕಾಲು ಸೊರಗುತ್ತಿದ್ದರೆ, ಹೊಟ್ಟೆ ಗಟ್ಟಿ ಅನಿಸಿದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾದರೆ, ಮುಟ್ಟಿನ ರಕ್ತ ವಿಪರೀತ ಹೋದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಅಥವಾ ಕೆಮ್ಮಿದಾಗ ಹೊಟ್ಟೆಯಲ್ಲಿ ಗಡ್ಡೆ ಉಬ್ಬಿದರೆ ಕಾಯಬೇಡಿ. ಗರ್ಭಕೋಶದ ಗಡ್ಡೆ, ಅಂಡಾಶಯದ ಗಡ್ಡೆ ಅಥವಾ ಕ್ಯಾನ್ಸರ್, ಹೊಟ್ಟೆಯಲ್ಲಿ ನೀರು ತುಂಬುವುದು, ಹರ್ನಿಯಾ, ಇವೆಲ್ಲ ಹೊರಗಿನಿಂದ "ಹೊಟ್ಟೆ ಬಂದ" ಹಾಗೇ ಕಾಣುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಸ್ಕ್ಯಾನಿಂಗ್ ಬೇಕೇ ಎಂದು ಕೇಳಿ. ಜೀರಿಗೆ ನೀರು ಕುಡಿಯುತ್ತಾ ಕಳೆದ ಮೂರು ತಿಂಗಳು ಇಂಥವರಿಗೆ ದುಬಾರಿಯಾಗಬಹುದು.

ಫಾರ್ವರ್ಡ್ ಮಾಡುವ ಮುಂಚೆ

"15 ದಿನ", "ಮಾಯ", "ಗ್ಯಾರಂಟಿ" ಎಂಬ ಪದಗಳಿರುವ ಮೆಸೇಜ್ ಬಂದರೆ ಅಲ್ಲೇ ನಿಲ್ಲಿಸಿ. ಕಳಿಸಲೇಬೇಕು ಎನಿಸಿದರೆ ದಾರದ ಅಳತೆಯನ್ನೂ ಮೇಲಿನ ಲಕ್ಷಣಗಳ ಪಟ್ಟಿಯನ್ನೂ ಕಳಿಸಿ.